ನೋಂದಣಿ ಪಟ್ಟಿಯಲ್ಲಿ ನನ್ನ ವಿಭಾಗವೇ ಕಾಣುತ್ತಿಲ್ಲ

ಪ್ರಶ್ನೆ: ನಮ್ಮ ಸಂಘವು ಪ್ರತಿವರ್ಷ ಅಥ್ಲೆಟಿಕ್ಸ್ ಕೂಟವೊಂದನ್ನು ನಡೆಸುತ್ತದೆ. ಟ್ರ್ಯಾಕ್ ಸ್ಪರ್ಧೆಗಳು, 4×400 ಮೀಟರ್ ರಿಲೇ ಮತ್ತು 10 ಕಿ.ಮೀ. ರಸ್ತೆ ಓಟದ ಜೊತೆಗೆ ಈ ಬಾರಿ ಮೊದಲ ಸಲ ಅಂಗವಿಕಲ ಸ್ಪರ್ಧಿಗಳ ವಿಭಾಗಗಳನ್ನೂ ಸೇರಿಸಿದ್ದೇವೆ. ಆನ್‌ಲೈನ್ ನೋಂದಣಿಯ ಹೊಣೆ ನನ್ನದು. ಕಳೆದ ವರ್ಷದ ಫಾರ್ಮನ್ನೇ ನಕಲು ಮಾಡಿ, ದಿನಾಂಕ ಬದಲಿಸಿ ತೆರೆದೆವು. ಈಗ ದಿನವೂ ದೂರುಗಳು ಬರುತ್ತಿವೆ. ಕೂಟಕ್ಕೆ ಎರಡು ದಿನ ಮೊದಲು 35 ತುಂಬುವ ಮಹಿಳೆಯೊಬ್ಬರಿಗೆ ಮಾಸ್ಟರ್ಸ್ (ಹಿರಿಯ ವಯಸ್ಸಿನವರ) ವಿಭಾಗ ಕಾಣುತ್ತಿಲ್ಲ. ಅಂಧ ಓಟಗಾರರೊಬ್ಬರಿಗೆ ಜೊತೆಗೆ ಓಡುವ ಮಾರ್ಗದರ್ಶಿಯ ಹೆಸರು ಕೊಡಲು ಜಾಗವೇ ಇಲ್ಲ. ಮಾಸ್ಟರ್ಸ್ ರಿಲೇ ತಂಡಗಳಿಗೆ ವಯೋವರ್ಗದ ಪಟ್ಟಿ ಖಾಲಿಯಾಗಿ ತೆರೆದುಕೊಳ್ಳುತ್ತದೆ. ತರಬೇತುದಾರರು ಪ್ರವೇಶ ಪತ್ರಕ್ಕಾಗಿ ಸ್ಪರ್ಧಿಗಳೆಂದೇ ನೋಂದಾಯಿಸಿಕೊಳ್ಳಬೇಕಾಗಿದೆ. ನಿನ್ನೆ ಕಾಣುತ್ತಿದ್ದ 10 ಕಿ.ಮೀ. ಆಯ್ಕೆ ಇಂದು ಕೆಲವರಿಗೆ ಮಾಯವಾಗಿದೆ. ‘ಸದ್ಯಕ್ಕೆ ಎಲ್ಲರೂ ಮುಕ್ತ (ವಯಸ್ಸು, ವರ್ಗಗಳ ಷರತ್ತಿಲ್ಲದ) ವಿಭಾಗದಲ್ಲೇ ಹೆಸರು ಕೊಡಲಿ, ಕೂಟದ ದಿನ ಸರಿಪಡಿಸೋಣ’ ಎಂದು ಸಮಿತಿಯ ಹಿರಿಯರು ಹೇಳುತ್ತಾರೆ. ತಂತ್ರಾಂಶವೇ ಸರಿಯಿಲ್ಲ, ಎಲ್ಲವನ್ನೂ ಮುಚ್ಚಿ ಹೊಸದಾಗಿ ತೆರೆಯಬೇಕು ಎನ್ನುವುದು ಇನ್ನು ಕೆಲವರ ವಾದ. ಈಗಾಗಲೇ ಹಲವರು ಶುಲ್ಕ ಕಟ್ಟಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಅರ್ಹರಾದ ಯಾರೂ ಫಾರ್ಮಿನ ಕಾರಣದಿಂದ ಹೊರಗುಳಿಯಬಾರದು, ಈಗಾಗಲೇ ಹಣ ಕಟ್ಟಿದವರಿಗೆ ತೊಂದರೆಯಾಗಬಾರದು, ಮತ್ತು ಕೂಟದ ದಿನ ಫಲಿತಾಂಶದ ಬಗ್ಗೆ ಜಗಳವಾಗಬಾರದು. ಈ ಮೂರನ್ನೂ ಸಾಧಿಸಲು ಸಾಧ್ಯವಿದೆ. ಆದರೆ ಸಮಿತಿಯಲ್ಲಿ ಕೇಳಿಬಂದ ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಬೇಕೆಂದು ನಾನು ಕೋರುತ್ತೇನೆ.

ಮೊದಲಿಗೆ ತಂತ್ರಾಂಶದ ಮೇಲಿನ ಆರೋಪವನ್ನು ನೋಡೋಣ. ಕ್ರೀಡಾಕೂಟಗಳ ನೋಂದಣಿ ವ್ಯವಸ್ಥೆಗಳನ್ನು ರೂಪಿಸುವ ಮತ್ತು ದುರಸ್ತಿ ಮಾಡುವ ಕೆಲಸದಲ್ಲಿ ನಾನು ಕಂಡಿರುವಂತೆ, ಆಯ್ಕೆಯೊಂದು ಕಾಣದಿದ್ದರೆ ಬಹುಪಾಲು ಸಂದರ್ಭಗಳಲ್ಲಿ ತಂತ್ರಾಂಶವು ತನಗೆ ಹೇಳಿದ್ದನ್ನೇ ಮಾಡುತ್ತಿರುತ್ತದೆ. ಹೇಳಬೇಕಾದ ನಿಯಮವನ್ನು ಯಾರೂ ಹೇಳಿರುವುದಿಲ್ಲ, ಅಥವಾ ಕಳೆದ ವರ್ಷ ಹೇಳಿದ್ದು ಈ ವರ್ಷವೂ ಉಳಿದುಕೊಂಡಿರುತ್ತದೆ. ನೀವು ಬರೆದ ಐದು ದೂರುಗಳಲ್ಲಿ ನಾಲ್ಕು ಈ ಬಗೆಯವೇ ಎಂಬುದು ನನ್ನ ಅಂದಾಜು. ಆದ್ದರಿಂದ ಫಾರ್ಮನ್ನು ಮುಟ್ಟುವ ಮೊದಲು ಸಮಿತಿಯು ಕುಳಿತು ನಿಯಮಗಳನ್ನು ಬರಹದಲ್ಲಿ ತೀರ್ಮಾನಿಸಬೇಕು. ನಿಯಮ ತೀರ್ಮಾನವಾಗದೆ ಆಯ್ಕೆಯನ್ನಷ್ಟೇ ಸೇರಿಸಿದರೆ, ಇಂದು ಫಾರ್ಮಿನಲ್ಲಿ ಕಾಣುತ್ತಿರುವ ಗೊಂದಲವೇ ನಾಳೆ ಫಲಿತಾಂಶ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಮಾಸ್ಟರ್ಸ್ ವಿಭಾಗ ಕಾಣದ ಮಹಿಳೆಯ ಪ್ರಕರಣವನ್ನೇ ತೆಗೆದುಕೊಳ್ಳಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು? ನೋಂದಣಿ ಮಾಡುವ ದಿನಕ್ಕೋ, ಸ್ಪರ್ಧೆಯ ದಿನಕ್ಕೋ, ವರ್ಷದ ಕೊನೆಯ ದಿನಕ್ಕೋ? ಇದಕ್ಕೆ ಎಲ್ಲ ಕ್ರೀಡೆಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ, ಒಂದೇ ಕ್ರೀಡೆಯೊಳಗೂ ಇಲ್ಲ. ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ 20 ವರ್ಷದೊಳಗಿನವರ ವಿಭಾಗಕ್ಕೆ ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ 18 ಅಥವಾ 19 ವರ್ಷ ಆಗಿರುವವರು ಸೇರುತ್ತಾರೆ, ಆದರೆ ಅದೇ ಕ್ರೀಡೆಯ ಮಾಸ್ಟರ್ಸ್ ವಿಭಾಗಕ್ಕೆ 35ನೇ ಹುಟ್ಟುಹಬ್ಬ ಬಂದೊಡನೆ ಅರ್ಹತೆ ಸಿಗುತ್ತದೆ. ಮಾಸ್ಟರ್ಸ್ ಈಜಿನಲ್ಲಿ ಪ್ರವೇಶ 25ರಿಂದಲೇ ಆರಂಭವಾಗುತ್ತದೆ ಮತ್ತು ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಎಣಿಸುತ್ತಾರೆ. ಚದುರಂಗದ ಅಂತರರಾಷ್ಟ್ರೀಯ ಕಿರಿಯರ ಸ್ಪರ್ಧೆಗಳಲ್ಲಿ ಜನವರಿ 1ನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ನಿಮ್ಮ ಫಾರ್ಮು ಬಹುಶಃ ನೋಂದಣಿಯ ದಿನಕ್ಕೆ ವಯಸ್ಸನ್ನು ಲೆಕ್ಕ ಹಾಕುತ್ತಿದೆ, ಇಲ್ಲವೇ ನಕಲು ಮಾಡಿದಾಗ ಕಳೆದ ವರ್ಷದ ಕೂಟದ ದಿನಾಂಕವೇ ವಯಸ್ಸಿನ ಲೆಕ್ಕದಲ್ಲಿ ಉಳಿದುಕೊಂಡಿದೆ. ಮೇಲ್ನೋಟಕ್ಕೆ ಕಾಣುವ ದಿನಾಂಕವನ್ನು ಬದಲಿಸಿದರೂ ಒಳಗಿನ ಷರತ್ತುಗಳಲ್ಲಿರುವ ದಿನಾಂಕ ತಾನಾಗಿ ಬದಲಾಗುವುದಿಲ್ಲ ಎಂಬುದು ನಕಲು ಮಾಡಿದ ಫಾರ್ಮುಗಳಲ್ಲಿ ನಾನು ಪದೇ ಪದೇ ಕಾಣುವ ದೋಷ. ಅಥ್ಲೆಟಿಕ್ಸ್ ರೂಢಿಯನ್ನು ಅನುಸರಿಸುವುದಾದರೆ ಆ ಮಹಿಳೆ ಮಾಸ್ಟರ್ಸ್ ವಿಭಾಗಕ್ಕೆ ಅರ್ಹರು, ಅವರ ಹೆಸರನ್ನು ಅಲ್ಲಿಯೇ ತೆಗೆದುಕೊಳ್ಳಬೇಕು. ಕೂಟವು ಒಂದಕ್ಕಿಂತ ಹೆಚ್ಚು ದಿನ ನಡೆಯುವುದಾದರೆ ಮೊದಲ ದಿನದ ವಯಸ್ಸೇ ಇಡೀ ಕೂಟಕ್ಕೆ ಅನ್ವಯಿಸುತ್ತದೆ ಎಂದೂ ಬರೆದಿಡಿ. ಇಲ್ಲದಿದ್ದರೆ ಶನಿವಾರ ಒಂದು ವಿಭಾಗದಲ್ಲಿ ಓಡಿದವರು ಭಾನುವಾರ ಇನ್ನೊಂದು ವಿಭಾಗಕ್ಕೆ ಹೋಗುವ ಸ್ಥಿತಿ ಬರುತ್ತದೆ.

ಹುಟ್ಟಿದ ದಿನಾಂಕದ ವಿಷಯದಲ್ಲಿ ನಿಜವಾದ ತಾಂತ್ರಿಕ ದೋಷಗಳೂ ಇವೆ, ಅವನ್ನು ಅಲ್ಲಗಳೆಯಲಾರೆ. ದಿನ ಮೊದಲೋ ತಿಂಗಳು ಮೊದಲೋ ಎಂಬುದು ಸ್ಪಷ್ಟವಿಲ್ಲದ ಕಡೆ 03/04 ಎಂದು ಬರೆದದ್ದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ತಿಂಗಳನ್ನು ಅಂಕಿಯ ಬದಲು ಹೆಸರಿನಿಂದ ಆರಿಸುವಂತೆ ಮಾಡಿದರೆ ಈ ಗೊಂದಲ ತಪ್ಪುತ್ತದೆ. ಇನ್ನೊಂದು ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೆಲವು ವ್ಯವಸ್ಥೆಗಳು ಹುಟ್ಟಿದ ದಿನವನ್ನು ಮಧ್ಯರಾತ್ರಿಯ ಸಮಯದೊಂದಿಗೆ ಸೇರಿಸಿ, ಅದನ್ನು ಜಾಗತಿಕ ಪ್ರಮಾಣ ಸಮಯಕ್ಕೆ ಪರಿವರ್ತಿಸಿ ಉಳಿಸಿಕೊಳ್ಳುತ್ತವೆ. ಆ ಸಮಯಕ್ಕಿಂತ ಮುಂದಿರುವ ಪ್ರದೇಶಗಳಲ್ಲಿ ಹೀಗೆ ಮಾಡಿದಾಗ ದಿನಾಂಕ ಒಂದು ದಿನ ಹಿಂದಕ್ಕೆ ಸರಿಯುತ್ತದೆ, ಜನವರಿ 1ರಂದು ಹುಟ್ಟಿದವರು ಹಿಂದಿನ ವರ್ಷದ ಡಿಸೆಂಬರ್ 31ರಂದು ಹುಟ್ಟಿದಂತೆ ದಾಖಲಾಗುತ್ತಾರೆ. ಕಿರಿಯರ ವಿಭಾಗದಲ್ಲಿ ಆ ಒಂದು ದಿನಕ್ಕೆ ಇಡೀ ಒಂದು ವರ್ಷದ ತೂಕವಿರುತ್ತದೆ, ಏಕೆಂದರೆ ಮಗುವಿಗೆ ತನ್ನ ವಯೋವರ್ಗವೇ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ ಪರೀಕ್ಷಾರ್ಥ ನೋಂದಣಿ ಮಾಡುವಾಗ ನಡುವಯಸ್ಸಿನ ಯಾರದೋ ದಿನಾಂಕ ಹಾಕಿ ತೃಪ್ತಿಪಟ್ಟುಕೊಳ್ಳಬೇಡಿ. ಪ್ರತಿ ವಯೋವರ್ಗದ ಗಡಿಯಲ್ಲಿ ಡಿಸೆಂಬರ್ 31, ಜನವರಿ 1, ಫೆಬ್ರವರಿ 29, ಕೂಟದ ದಿನ ಮತ್ತು ಅದರ ಹಿಂದುಮುಂದಿನ ದಿನಗಳನ್ನು ಹಾಕಿ ನೋಡಿ.

ರಿಲೇ ತಂಡಗಳ ಖಾಲಿ ಪಟ್ಟಿಗೆ ಬೇರೆಯೇ ಕಾರಣವಿದೆ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ರಿಲೇ ತಂಡದ ವಯೋವರ್ಗವನ್ನು ತಂಡದ ಅತಿ ಕಿರಿಯ ಸದಸ್ಯರ ವಯಸ್ಸು ನಿರ್ಧರಿಸುತ್ತದೆ. ಮಾಸ್ಟರ್ಸ್ ಈಜಿನಲ್ಲಿ ನಾಲ್ವರ ವಯಸ್ಸುಗಳ ಮೊತ್ತವನ್ನು ನೋಡುತ್ತಾರೆ, ಅಲ್ಲಿನ ವರ್ಗಗಳು 100ರಿಂದ 119, 120ರಿಂದ 159, 160ರಿಂದ 199 ಎಂಬಂತೆ ಸಾಗುತ್ತವೆ. ಎರಡೂ ಪದ್ಧತಿಗಳಲ್ಲಿ ನಾಲ್ವರ ಹುಟ್ಟಿದ ದಿನಾಂಕ ತಿಳಿಯುವ ತನಕ ವರ್ಗವನ್ನು ಹೇಳಲಾಗುವುದಿಲ್ಲ. ಒಬ್ಬೊಬ್ಬರಿಗಾಗಿ ಮಾಡಿದ ಫಾರ್ಮನ್ನು ತಂಡಕ್ಕೂ ಬಳಸಿದರೆ, ತಂಡದ ಪರವಾಗಿ ಹೆಸರು ಕೊಡುವವರಿಗೆ ಪಟ್ಟಿ ಖಾಲಿಯಾಗಿಯೇ ಕಾಣುತ್ತದೆ. ಇಲ್ಲಿ ವಯೋವರ್ಗವನ್ನು ಕೇಳುವುದನ್ನೇ ಬಿಡಿ. ತಂಡದ ಹೆಸರು, ಮುಖ್ಯಸ್ಥರ ಸಂಪರ್ಕ, ನಾಲ್ವರು ಓಟಗಾರರು ಮತ್ತು ಬದಲಿ ಓಟಗಾರರ ಹೆಸರು ಹಾಗೂ ಹುಟ್ಟಿದ ದಿನಾಂಕಗಳನ್ನು ಪಡೆದು, ವರ್ಗವನ್ನು ನೀವೇ ಲೆಕ್ಕ ಹಾಕಿ ತಿಳಿಸಿ. ಸದಸ್ಯರ ಹೆಸರನ್ನು ನಂತರ ಸೇರಿಸಲು ಅವಕಾಶವಿರಲಿ, ಆದರೆ ಅದಕ್ಕೊಂದು ಕೊನೆಯ ದಿನವಿರಲಿ, ಮತ್ತು ಬದಲಿ ಓಟಗಾರರು ಬಂದರೆ ತಂಡದ ವರ್ಗ ಬದಲಾಗಬಹುದು ಎಂಬುದನ್ನು ಮೊದಲೇ ತಿಳಿಸಿ.

ಅಂಧ ಓಟಗಾರರ ವಿಷಯಕ್ಕೆ ನೀವು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ವಿನಂತಿ. ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ದೃಷ್ಟಿದೋಷದ ಓಟಗಾರರಿಗೆ ಟಿ11, ಟಿ12, ಟಿ13 ಎಂಬ ಮೂರು ವರ್ಗಗಳಿವೆ. ಟಿ11ರವರು ಕಣ್ಣುಪಟ್ಟಿ ಕಟ್ಟಿಕೊಂಡು ಮಾರ್ಗದರ್ಶಿಯೊಡನೆ ಓಡುತ್ತಾರೆ, ಟಿ12ರವರಿಗೆ ಮಾರ್ಗದರ್ಶಿಯನ್ನು ಹೊಂದುವ ಆಯ್ಕೆಯಿದೆ, ಟಿ13ರವರಿಗೆ ಇಲ್ಲ. ಮಾರ್ಗದರ್ಶಿಯು ಸ್ಪರ್ಧಿಗಿಂತ ಮೊದಲು ಅಂತಿಮ ಗೆರೆ ದಾಟಿದರೆ ಸ್ಪರ್ಧಿ ಅನರ್ಹರಾಗುತ್ತಾರೆ. ಅಂದರೆ ಮಾರ್ಗದರ್ಶಿಯು ಸ್ಪರ್ಧೆಯ ಅಂಗವೇ ಆಗಿರುತ್ತಾರೆ: ಅವರಿಗೆ ಗುರುತಿನ ಅಂಗಿ ಬೇಕು, ಪ್ರವೇಶ ಪತ್ರ ಬೇಕು, ವಿಮೆಯಲ್ಲಿ ಅವರ ಹೆಸರಿರಬೇಕು, ತುರ್ತು ಸಂಪರ್ಕದ ವಿವರವಿರಬೇಕು, ಟ್ರ್ಯಾಕಿನಲ್ಲಿ ಪಕ್ಕದ ಲೇನ್ ಅವರಿಗಾಗಿ ಖಾಲಿ ಇರಬೇಕು. ಈ ಕೊನೆಯ ಸಂಗತಿಯನ್ನು ಗಮನಿಸದಿದ್ದರೆ ಎಂಟು ಲೇನ್‌ಗಳ ಟ್ರ್ಯಾಕಿನಲ್ಲಿ ನಾಲ್ವರನ್ನಷ್ಟೇ ಓಡಿಸಬಹುದಾದ ಹೀಟ್‌ಗೆ (ಪ್ರಾಥಮಿಕ ಸುತ್ತಿನ ಒಂದು ಓಟಕ್ಕೆ) ಎಂಟು ಹೆಸರುಗಳನ್ನು ತೆಗೆದುಕೊಂಡಿರುತ್ತೀರಿ. 5000 ಮೀಟರ್ ಮತ್ತು ಅದಕ್ಕಿಂತ ದೀರ್ಘವಾದ ಓಟಗಳಲ್ಲಿ ಇಬ್ಬರು ಮಾರ್ಗದರ್ಶಿಗಳಿಗೆ ಅವಕಾಶವಿರುವುದರಿಂದ ನಿಮ್ಮ 10 ಕಿ.ಮೀ. ಫಾರ್ಮಿನಲ್ಲಿ ಎರಡು ಹೆಸರುಗಳಿಗೆ ಜಾಗ ಬೇಕು. ಮಾರ್ಗದರ್ಶಿಯಿಂದ ಪ್ರತ್ಯೇಕ ಸ್ಪರ್ಧಾ ಶುಲ್ಕ ಪಡೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಓಡಲು ಇನ್ನೊಬ್ಬರ ಜೊತೆ ಬೇಕಾಗುವ ಕಾರಣಕ್ಕೆ ಒಬ್ಬ ಸ್ಪರ್ಧಿ ಎರಡು ಪಟ್ಟು ಹಣ ಕೊಡುವಂತಾಗಬಾರದು.

ಗಾಲಿಕುರ್ಚಿ ಸ್ಪರ್ಧಿಗಳಿಗೂ ವರ್ಗದ ಪ್ರಶ್ನೆ ಬೇಕು, ಟ್ರ್ಯಾಕಿನಲ್ಲಿ ಅವರ ವರ್ಗಗಳು ಟಿ32ರಿಂದ ಟಿ34 ಮತ್ತು ಟಿ51ರಿಂದ ಟಿ54. ವರ್ಗೀಕರಣ, ಅಂದರೆ ಅಂಗವೈಕಲ್ಯವನ್ನು ಪರೀಕ್ಷಿಸಿ ಸ್ಪರ್ಧಾ ವರ್ಗ ನಿಗದಿಪಡಿಸುವುದು, ಇನ್ನೂ ಆಗಿಲ್ಲದವರಿಗಾಗಿ ‘ವರ್ಗೀಕರಣ ಆಗಿಲ್ಲ’ ಎಂಬ ಆಯ್ಕೆಯನ್ನು ಇಡಲು ಮರೆಯಬೇಡಿ. ಅದಿಲ್ಲದಿದ್ದರೆ ಮೊದಲ ಸಲ ಸ್ಪರ್ಧಿಸುವವರು ಯಾವುದೋ ಒಂದನ್ನು ಊಹಿಸಿ ಒತ್ತುತ್ತಾರೆ. ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನು ಫಾರ್ಮಿನಲ್ಲೇ ಕೇಳುವ ಅಗತ್ಯವಿಲ್ಲ. ಸ್ಪರ್ಧಾ ವರ್ಗ ಗೊತ್ತಾದರೆ ನಿಮ್ಮ ಕೆಲಸ ನಡೆಯುತ್ತದೆ, ಕಾಯಿಲೆಯ ವಿವರವನ್ನು ಸಂಗ್ರಹಿಸಿಟ್ಟುಕೊಂಡರೆ ಅದನ್ನು ಕಾಪಾಡುವ ಹೊಣೆಯೂ ನಿಮ್ಮ ಮೇಲೆ ಬೀಳುತ್ತದೆ.

ಫಾರ್ಮಿನಲ್ಲಿ ಇಲ್ಲದ ಪ್ರಶ್ನೆಯೂ ಒಂದು ತೀರ್ಮಾನವೇ ಎಂಬುದಕ್ಕೆ ಕ್ರೀಡಾ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆಯಿದೆ. 1967ರಲ್ಲಿ ಓಟಗಾರ್ತಿ ಕ್ಯಾಥರೀನ್ ಸ್ವಿಟ್ಜರ್ ಅವರು ‘ಕೆ. ವಿ. ಸ್ವಿಟ್ಜರ್’ ಎಂದು ಹೆಸರು ಕೊಟ್ಟು ಬಾಸ್ಟನ್ ಮ್ಯಾರಥಾನ್‌ಗೆ ನೋಂದಾಯಿಸಿಕೊಂಡರು. ಓಡುವವರೆಲ್ಲ ಗಂಡಸರೇ ಎಂಬ ಊಹೆಯ ಮೇಲೆ ಆಗಿನ ವ್ಯವಸ್ಥೆ ನಿಂತಿತ್ತು. ಓಟದ ನಡುವೆ ಅಧಿಕಾರಿಯೊಬ್ಬರು ಅವರ ಬಿಬ್ (ಅಂಗಿಯ ಮೇಲಿನ ಸಂಖ್ಯಾಪಟ್ಟಿ) ಕಿತ್ತುಕೊಳ್ಳಲು ಮುಂದಾದದ್ದು ಚಿತ್ರಗಳಲ್ಲಿ ದಾಖಲಾಗಿದೆ. ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಆರಂಭವಾದದ್ದು 1984ರಲ್ಲಿ. 2023ರಿಂದ ಅದೇ ಬಾಸ್ಟನ್ ಓಟದಲ್ಲಿ ಗಂಡು ಅಥವಾ ಹೆಣ್ಣು ಎಂದು ಗುರುತಿಸಿಕೊಳ್ಳದವರಿಗೂ ಪ್ರತ್ಯೇಕ ವಿಭಾಗವಿದೆ. ನಿಮ್ಮ ಕೂಟದಲ್ಲಿ ಇಂತಹ ವಿಭಾಗ ಇರಬೇಕೇ ಎಂಬುದನ್ನು ನಿಮ್ಮ ಕ್ರೀಡೆಯ ಆಡಳಿತ ಸಂಸ್ಥೆಯ ನಿಯಮ ನೋಡಿ ತೀರ್ಮಾನಿಸಿ, ತೀರ್ಮಾನ ಏನೇ ಇದ್ದರೂ ಅದನ್ನು ನಿಯಮಾವಳಿಯಲ್ಲಿ ಬರೆಯಿರಿ. ತಮ್ಮ ಸ್ಥಾನ ಎಲ್ಲಿದೆ ಎಂಬುದನ್ನು ಒಬ್ಬ ವ್ಯಕ್ತಿ ಖಾಲಿ ಪಟ್ಟಿಯನ್ನು ನೋಡಿ ಊಹಿಸಿಕೊಳ್ಳುವಂತಾಗಬಾರದು.

ತರಬೇತುದಾರರ ಸಮಸ್ಯೆ ಸುಲಭದ್ದು. ಸ್ಪರ್ಧಿಸದೆ ಬರುವವರಿಗೆ, ಅಂದರೆ ತರಬೇತುದಾರರು, ತಂಡದ ವ್ಯವಸ್ಥಾಪಕರು, ಫಿಸಿಯೋಥೆರಪಿಸ್ಟರು, ಮಕ್ಕಳ ಜೊತೆ ಬರುವ ಪೋಷಕರು, ಪ್ರೇಕ್ಷಕರು ಇವರಿಗೆಲ್ಲ ಮೊದಲ ಪುಟದಲ್ಲೇ ಬೇರೆ ದಾರಿ ತೆರೆಯಿರಿ. ‘ನೀವು ಯಾವ ಪಾತ್ರದಲ್ಲಿ ಬರುತ್ತಿದ್ದೀರಿ?’ ಎಂಬ ಒಂದೇ ಪ್ರಶ್ನೆ ಸಾಕು. ಈಗ ಸ್ಪರ್ಧಿಗಳೆಂದು ನೋಂದಾಯಿಸಿಕೊಂಡಿರುವ ತರಬೇತುದಾರರನ್ನು ಹುಡುಕಿ ಆ ಪಟ್ಟಿಯಿಂದ ತೆಗೆಯಲೇಬೇಕು, ಇಲ್ಲದಿದ್ದರೆ ಹೀಟ್‌ಗಳಲ್ಲಿ ಓಡದವರ ಹೆಸರುಗಳು ತುಂಬಿ, ಓಡಬೇಕಾದವರಿಗೆ ಜಾಗ ಮುಗಿದಿದೆ ಎಂಬ ಉತ್ತರ ಸಿಗುತ್ತದೆ.

10 ಕಿ.ಮೀ. ಆಯ್ಕೆ ಮಾಯವಾಗಿರುವುದಕ್ಕೂ ಬಹುಶಃ ಇದೇ ಕಾರಣ. ಮಿತಿ ತುಂಬಿದ ಆಯ್ಕೆಯನ್ನು ‘ಭರ್ತಿಯಾಗಿದೆ’ ಎಂದು ತೋರಿಸುವ ಬದಲು ಪೂರ್ತಿ ಮರೆಮಾಡುವ ಸೌಲಭ್ಯ ಹಲವು ವ್ಯವಸ್ಥೆಗಳಲ್ಲಿದೆ. ಕೆಲವರಿಗಷ್ಟೇ ಕಾಣುತ್ತಿಲ್ಲವೆಂದರೆ ಇನ್ನೂ ಮೂರು ಸಾಧ್ಯತೆಗಳನ್ನು ಪರೀಕ್ಷಿಸಿ. ಆ ಆಯ್ಕೆಗೆ ವಯಸ್ಸಿನ ಅಥವಾ ಲಿಂಗದ ಷರತ್ತು ಇದ್ದು, ಆ ವರ್ಗದ ಪಾಲು ಮಾತ್ರ ತುಂಬಿರಬಹುದು. ಒಬ್ಬರಿಗೆ ಇಷ್ಟೇ ಸ್ಪರ್ಧೆಗಳು ಎಂಬ ಮಿತಿಯನ್ನು ಆ ವ್ಯಕ್ತಿ ಈಗಾಗಲೇ ಮುಟ್ಟಿರಬಹುದು. ಹಣ ಕಟ್ಟದೆ ಅರ್ಧಕ್ಕೆ ಬಿಟ್ಟ ನೋಂದಣಿಗಳು ಸ್ಥಾನಗಳನ್ನು ಹಿಡಿದಿಟ್ಟುಕೊಂಡಿರಬಹುದು, ಅವು ಬಿಡುಗಡೆಯಾದಾಗ ಆಯ್ಕೆ ಮತ್ತೆ ಕಾಣಿಸಿಕೊಂಡು ಜನರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳುತ್ತದೆ. ದೂರು ಕೊಟ್ಟವರಿಂದ ಅವರು ನಮೂದಿಸಿದ ಹುಟ್ಟಿದ ದಿನಾಂಕ, ಲಿಂಗ, ಬಳಸಿದ ಕೊಂಡಿ, ಪ್ರಯತ್ನಿಸಿದ ಸಮಯ ಮತ್ತು ಪರದೆಯ ಚಿತ್ರ ಪಡೆದು, ಅವೇ ವಿವರಗಳಿಂದ ನೀವು ಪ್ರಯತ್ನಿಸಿದರೆ ಕಾರಣ ಸಾಮಾನ್ಯವಾಗಿ ಮೊದಲ ಯತ್ನದಲ್ಲೇ ಸಿಗುತ್ತದೆ. ‘ಬ್ರೌಸರ್ ಬದಲಿಸಿ ನೋಡಿ’ ಎಂಬ ಉತ್ತರವನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಕೆಲವೊಮ್ಮೆ ಫಲಿಸುತ್ತದೆಯಾದರೂ, ಹೆಚ್ಚಿನ ಸಂದರ್ಭಗಳಲ್ಲಿ ಸಂಘಟಕರ ಕೆಲಸವನ್ನು ಸ್ಪರ್ಧಿಯ ಹೆಗಲಿಗೆ ವರ್ಗಾಯಿಸುತ್ತದೆಯಷ್ಟೆ.

ಇನ್ನು ‘ಮುಕ್ತ ವಿಭಾಗದಲ್ಲೇ ಹೆಸರು ಕೊಡಲಿ’ ಎಂಬ ಸಲಹೆ. ಇದರ ಹಿಂದೆ ಒಳ್ಳೆಯ ಉದ್ದೇಶವಿದೆ, ಆದರೆ ವಿಭಾಗ ಎಂಬುದು ಕಾಗದದ ಮೇಲಿನ ಗುರುತು ಮಾತ್ರವಲ್ಲ. ಬಿಬ್ ಸಂಖ್ಯೆಗಳ ಸರಣಿ, ಟೈಮಿಂಗ್ ಚಿಪ್‌ಗೆ (ಓಟದ ಸಮಯ ದಾಖಲಿಸುವ ಸಾಧನಕ್ಕೆ) ಜೋಡಿಸುವ ವಿವರ, ಹೀಟ್‌ಗಳ ವಿಂಗಡಣೆ, ಓಟ ಆರಂಭವಾಗುವ ಸಮಯ, ಬಹುಮಾನಗಳ ಸಂಖ್ಯೆ, ಕೆಲವೊಮ್ಮೆ ವಿಮೆ ಕೂಡ ವಿಭಾಗವನ್ನೇ ಆಧರಿಸಿರುತ್ತವೆ. ರಸ್ತೆ ಓಟಗಳಲ್ಲಿ ಗಾಲಿಕುರ್ಚಿ ಸ್ಪರ್ಧಿಗಳನ್ನು ಓಟಗಾರರಿಗಿಂತ ಮೊದಲು ಬಿಡುವುದು ಸುರಕ್ಷತೆಯ ಕಾರಣಕ್ಕೆ. ಅವರ ಹೆಸರು ಮುಕ್ತ ವಿಭಾಗದಲ್ಲಿದ್ದು ಒಟ್ಟಿಗೆ ಹೊರಟರೆ ಇಳಿಜಾರಿನಲ್ಲಿ ಅಪಾಯವಾಗಬಹುದು. ಕೂಟದ ದಿನ ಬೆಳಗ್ಗೆ ನೂಕುನುಗ್ಗಲಿನ ನಡುವೆ ಇವನ್ನೆಲ್ಲ ಕೈಯಿಂದ ತಿದ್ದಲು ಹೊರಟರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಉಳಿದುಬಿಡುತ್ತದೆ. ‘ಇತರೆ’ ಎಂಬ ಖಾಲಿ ಪೆಟ್ಟಿಗೆ ಸೇರಿಸುವುದೂ ಇದಕ್ಕಿಂತ ಉತ್ತಮವಲ್ಲ. ಒಂದೇ ವಿಷಯವನ್ನು ಹತ್ತು ಜನ ಹತ್ತು ರೀತಿಯಲ್ಲಿ ಬರೆಯುತ್ತಾರೆ, ಅದನ್ನು ಓದಿ ವಿಂಗಡಿಸಲು ಯಾರೂ ನೇಮಕವಾಗಿರುವುದಿಲ್ಲ.

ಹಾಗಾದರೆ ದುರಸ್ತಿಯ ದಾರಿಗಳೇನು? ನೋಂದಣಿ ತೆರೆದಿರುವಾಗಲೇ ಆಯ್ಕೆಗಳನ್ನು ಸೇರಿಸಬಹುದು. ಇದು ಎಲ್ಲಕ್ಕಿಂತ ವೇಗದ ದಾರಿ, ಆದರೆ ಬದಲಾವಣೆಯ ನಡುವೆ ಫಾರ್ಮು ತುಂಬುತ್ತಿರುವವರ ವಿವರ ಅರ್ಧ ಹಳೆಯದು, ಅರ್ಧ ಹೊಸದು ಆಗುವ ಅಪಾಯವಿದೆ. ಎಲ್ಲವನ್ನೂ ರದ್ದುಮಾಡಿ ಹೊಸ ಫಾರ್ಮು ತೆರೆದರೆ ಹಣ ಕಟ್ಟಿದವರು ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಕೆಲವರು ತಮ್ಮ ಸ್ಥಾನವನ್ನೇ ಕಳೆದುಕೊಳ್ಳುತ್ತಾರೆ, ಮರುಪಾವತಿಯಲ್ಲಿ ಪಾವತಿ ಸೇವೆಯ ಶುಲ್ಕ ಅನೇಕ ವೇಳೆ ಹಿಂದಿರುಗುವುದಿಲ್ಲ. ತೀರಾ ಅನಿವಾರ್ಯವಾಗದೆ ಇದನ್ನು ಮಾಡಬೇಡಿ. ಬಿಟ್ಟುಹೋದ ವಿವರಗಳಿಗೆ ಮಾತ್ರ ಪೂರಕ ಫಾರ್ಮು ಕಳಿಸುವ ದಾರಿಯೂ ಇದೆ. ಮಾರ್ಗದರ್ಶಿಯ ಹೆಸರು, ರಿಲೇ ಸದಸ್ಯರ ವಿವರಗಳಂತಹವಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಎರಡು ಪಟ್ಟಿಗಳನ್ನು ಜೋಡಿಸುವಾಗ ಹೆಸರನ್ನು ನಂಬದೆ ನೋಂದಣಿ ಸಂಖ್ಯೆಯಿಂದ ಜೋಡಿಸಬೇಕು, ಅಷ್ಟೇ.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಮುಂಚಿತವಾಗಿ ಪ್ರಕಟಿಸಿ ಒಂದು ದಿನದ ಮಟ್ಟಿಗೆ ನೋಂದಣಿಯನ್ನು ನಿಲ್ಲಿಸುತ್ತಿದ್ದೆ. ಈವರೆಗಿನ ದತ್ತಾಂಶದ ಪೂರ್ಣ ಪ್ರತಿಯನ್ನು ಬೇರೆಡೆ ಉಳಿಸಿ, ಫಾರ್ಮಿನ ನಕಲಿನಲ್ಲಿ ಬದಲಾವಣೆಗಳನ್ನು ಮಾಡಿ ಪರೀಕ್ಷಿಸಿ, ನಂತರ ಮೂಲಕ್ಕೆ ತರುತ್ತಿದ್ದೆ. ಈ ಕೆಲಸದಲ್ಲಿ ಒಂದು ಎಚ್ಚರಿಕೆ ಅತಿ ಮುಖ್ಯ: ಬಳಕೆಯಲ್ಲಿರುವ ಆಯ್ಕೆಯ ಹೆಸರನ್ನು ಬದಲಿಸಬೇಡಿ, ಅಳಿಸಲೂ ಬೇಡಿ. ‘40 ಮೇಲ್ಪಟ್ಟವರು’ ಎಂಬುದನ್ನು ‘35 ಮೇಲ್ಪಟ್ಟವರು’ ಎಂದು ತಿದ್ದಿದರೆ ಕೆಲವು ವ್ಯವಸ್ಥೆಗಳಲ್ಲಿ ಈಗಾಗಲೇ ನೋಂದಾಯಿಸಿದವರೆಲ್ಲರ ವಿಭಾಗವೂ ಸದ್ದಿಲ್ಲದೆ ಬದಲಾಗುತ್ತದೆ, ಇನ್ನು ಕೆಲವು ವ್ಯವಸ್ಥೆಗಳಲ್ಲಿ ಹಳಬರು ಯಾವ ವಿಭಾಗಕ್ಕೂ ಸೇರದೆ ಉಳಿಯುತ್ತಾರೆ. ಹಳೆಯದನ್ನು ಹೊಸಬರಿಗೆ ಕಾಣದಂತೆ ಮುಚ್ಚಿ, ಹೊಸದನ್ನು ಪ್ರತ್ಯೇಕವಾಗಿ ಸೇರಿಸಿ. ಸಾಧ್ಯವಾದಲ್ಲೆಲ್ಲ ವಿಭಾಗವನ್ನು ಆರಿಸಲು ಹೇಳದೆ, ಹುಟ್ಟಿದ ದಿನಾಂಕದಂತಹ ಸಂಗತಿಗಳನ್ನು ಕೇಳಿ ವಿಭಾಗವನ್ನು ಲೆಕ್ಕ ಹಾಕಿ. ಹಣ ಕಟ್ಟುವ ಮೊದಲು ‘ನಿಮ್ಮ ವಿಭಾಗ ಇದು, ಸರಿಯಿಲ್ಲದಿದ್ದರೆ ಇಲ್ಲಿ ತಿಳಿಸಿ’ ಎಂದು ತೋರಿಸಿದರೆ ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಈಗಾಗಲೇ ತಪ್ಪು ವಿಭಾಗದಲ್ಲಿರುವವರನ್ನು ಹುಡುಕುವುದು ಕಷ್ಟವಲ್ಲ. ಎಲ್ಲರ ಹುಟ್ಟಿದ ದಿನಾಂಕದಿಂದ ಸರಿಯಾದ ವಿಭಾಗವನ್ನು ಲೆಕ್ಕ ಹಾಕಿ, ಅವರು ಆರಿಸಿದ ವಿಭಾಗದ ಪಕ್ಕದಲ್ಲಿಟ್ಟು ಹೋಲಿಸಿ. ಎರಡೂ ಬೇರೆಯಾಗಿರುವವರಿಗೆ ಮಾತ್ರ ಪತ್ರ ಬರೆಯಿರಿ, ಆದರೆ ಅವರನ್ನು ಕೇಳದೆ ಬದಲಿಸಬೇಡಿ. 36ರ ಓಟಗಾರ್ತಿಯೊಬ್ಬರು ಮುಕ್ತ ವಿಭಾಗದಲ್ಲೇ ಸ್ಪರ್ಧಿಸಲು ಬಯಸಿರಬಹುದು, ಅದಕ್ಕೆ ಅವರಿಗೆ ಹಕ್ಕಿದೆ. ಪತ್ರದಲ್ಲಿ ಏನಾಯಿತು, ಈಗ ಅವರು ಯಾವ ವಿಭಾಗದಲ್ಲಿದ್ದಾರೆ, ಬದಲಿಸಿಕೊಳ್ಳಲು ಏನು ಮಾಡಬೇಕು, ಕೊನೆಯ ದಿನ ಯಾವುದು, ಉತ್ತರಿಸದಿದ್ದರೆ ಏನಾಗುತ್ತದೆ ಎಂಬುದಿಷ್ಟು ಇದ್ದರೆ ಸಾಕು. ಲೋಪ ಫಾರ್ಮಿನದಾದ್ದರಿಂದ ಬದಲಾವಣೆಗೆ ಶುಲ್ಕ ಬೇಡ, ಹೊಸ ವಿಭಾಗದ ಶುಲ್ಕ ಕಡಿಮೆಯಿದ್ದರೆ ವ್ಯತ್ಯಾಸವನ್ನು ಹಿಂದಿರುಗಿಸಿ, ಹೆಚ್ಚಿದ್ದರೆ ಸಂಘವೇ ಭರಿಸಲಿ.

ಆ ಕೊನೆಯ ದಿನವನ್ನು ಬಿಬ್ ಮುದ್ರಣಕ್ಕೆ ಮತ್ತು ಟೈಮಿಂಗ್ ತಂಡಕ್ಕೆ ಪಟ್ಟಿ ಕೊಡುವುದಕ್ಕೆ ಮೊದಲೇ ಇಟ್ಟುಕೊಳ್ಳಿ. ಪಟ್ಟಿ ಕೊಡುವ ಮೊದಲು ಪ್ರತಿ ಹೊಸ ವಿಭಾಗದಿಂದ ಒಬ್ಬೊಬ್ಬರನ್ನು ಆರಿಸಿ, ಅವರ ವಿಭಾಗ ಟೈಮಿಂಗ್ ತಂತ್ರಾಂಶದಲ್ಲಿಯೂ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿ, ಏಕೆಂದರೆ ಫಾರ್ಮಿನಲ್ಲಿ ಸೇರಿಸಿದ ಆಯ್ಕೆ ಅಲ್ಲಿಗೆ ತಾನಾಗಿ ತಲುಪುವುದಿಲ್ಲ. ನಂತರ ಬರುವ ಬದಲಾವಣೆಗಳನ್ನು ಒಬ್ಬರೇ ವ್ಯಕ್ತಿ ಒಂದೇ ಪುಸ್ತಕದಲ್ಲಿ, ಸಮಯ ಮತ್ತು ಸಹಿಯೊಂದಿಗೆ ಬರೆದುಕೊಳ್ಳಲಿ. ಫಲಿತಾಂಶ ಪ್ರಕಟಿಸುವ ಮೊದಲು ಆ ಪುಸ್ತಕವನ್ನು ಟೈಮಿಂಗ್ ತಂಡದವರು ಒಮ್ಮೆ ಓದಲಿ.